ಗಂಟು ನೋಡಿ ಕೊಡಲಿ ಎತ್ತುವವರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದು ಕಾಲಕ್ಕೆ ದಿನಸಿ ಅಂಗಡಿಯಷ್ಟೇ ಅಗತ್ಯವಾಗಿದ್ದದ್ದು ಸೌದೆ ಡಿಪೋ. 1892ರ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟು ಬಿಟ್ಟು ಬಂದವರು ನೆಲೆನಿಂತ ಬಸವನಗುಡಿ, ಮಲ್ಲೇಶ್ವರ, ಎಲ್ಲೆಡೆಯೂ ಹಿತ್ತಲಲ್ಲಿ ಬಚ್ಚಲುಮನೆ, ಅಲ್ಲೊಂದು ತಾಮ್ರದ ಹಂಡೆ, ಅದಕ್ಕೊಂದು ಒಲೆ. ನೀರು ತುಂಬುವ ಹಬ್ಬಕ್ಕೆ ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿದ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು ಪೂಜೆ. ಆ ಒಲೆಯ ಸೌದೆಯನ್ನು ಡಿಪೋದ ದೊಡ್ಡ ತಕ್ಕಡಿಯಲ್ಲಿ ಮಣದ ಲೆಕ್ಕಕ್ಕೆ ತೂಗಿ ಕೊಡುತ್ತಿದ್ದರು. ಹಂಡೆಯ ಸ್ನಾನವನ್ನು ನೆನೆಯುವವರು ಇಂದಿಗೂ ಬಹಳ. ಸೌದೆ ಒಡೆದವರನ್ನು ನೆನೆಯುವವರು ಕಡಿಮೆ. ಈ ಬರಹ ಅವರ ಕಸುಬಿನದು.

ಸೌದೆಯ ಮರಗಳಲ್ಲಿ ಸರ್ವೆ ನೆಟ್ಟಗೆ ಬೆಳೆಯುವಂಥದ್ದು. ಹೆಚ್ಚು ಸತಾಯಿಸದೆ ಸೀಳಿಕೊಳ್ಳುತ್ತದೆ, ಉರಿಯೂ ಜೋರು. ಕಷ್ಟ ಕೊಡುವುದು ಹುಣಸೆ. ಅದರ ನಾರು ಒಂದರೊಳಗೊಂದು ಹೆಣೆದುಕೊಂಡಿರುತ್ತದೆ. ಎಷ್ಟು ಕಚ್ಚು ಬಿದ್ದರೂ ಬಿಟ್ಟುಕೊಳ್ಳುವುದಿಲ್ಲ ಎಂದೇ ಮಾಂಸದಂಗಡಿಯವರು ಕೊರಡಿಗೆ ಹುಣಸೆಯನ್ನು ಹುಡುಕುತ್ತಾರೆ. ಸೌದೆ ಒಡೆಯುವವರಿಗೆ ಅದೇ ಗುಣ ಕಂಟಕ.

ಒಬ್ಬರಿಂದ ಎತ್ತಲಾಗದ ಹುಣಸೆ ದಿಮ್ಮಿ ಮುಂದೆ ಬಂದಾಗ ಪಳಗಿದವರು ಕೂಡಲೇ ಕೊಡಲಿ ಬೀಸುವುದಿಲ್ಲ. ಉರುಳಿಸಿ, ಗಂಟು ಎಲ್ಲಿದೆ ನೋಡುತ್ತಾರೆ. ಕೊಂಬೆ ಹೊರಟ ಜಾಗವೇ ಗಂಟು. ಅಲ್ಲಿ ಏಟು ಹಾಕಿದರೆ ಕೊಡಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಕಾವು ಮುರಿಯುತ್ತದೆ. ಆಮೇಲೆ ಕೊಯ್ದ ಮುಖದ ಬಿರುಕು ಹುಡುಕುತ್ತಾರೆ. ಒಣಗುವಾಗ ಮರ ಸುತ್ತಳತೆಯಲ್ಲಿ ಹೆಚ್ಚು ಕುಗ್ಗುವುದರಿಂದ ತಿರುಳಿನಿಂದ ಸಿಪ್ಪೆಯತ್ತ ಬಿರುಕು ಬಿಡುತ್ತದೆ. ಅದೇ ಬೆಣೆಗೆ ದಾರಿ. ಕಬ್ಬಿಣದ ಬೆಣೆಯ ಮೂತಿ ಅಲ್ಲಿಟ್ಟು ಮೆಲ್ಲಗೆ ತಟ್ಟಿ ನಿಲ್ಲಿಸಬೇಕು. ನಿಂತ ಮೇಲೆ ದೊಡ್ಡ ಸುತ್ತಿಗೆ. ಕಿವಿಯೂ ಕೆಲಸ ಮಾಡಬೇಕು. ಮೊದಮೊದಲು ಬರೀ ಕಬ್ಬಿಣದ ಠಣ್. ನಾರು ಬಿಡತೊಡಗಿದಾಗ ಒಳಗಿನಿಂದ ಚರಚರ. ಬಿರುಕು ಓಡಿದ ಕಡೆ ಎರಡನೆಯ ಬೆಣೆ ಹೊಡೆದರೆ ಮೊದಲನೆಯದು ತಾನಾಗಿ ಸಡಿಲವಾಗುತ್ತದೆ. ಬಿರುಕೇ ಇಲ್ಲದ ಹಟಮಾರಿ ದಿಮ್ಮಿಯಾದರೆ ನಡುವನ್ನು ಮುಟ್ಟದೆ, ಅಂಚಿನಿಂದ ಹೋಳು ಹೋಳಾಗಿ ಬಿಡಿಸುತ್ತಾ ಸುತ್ತು ಬರುತ್ತಾರೆ. ಅರ್ಧ ಸೀಳಿದ ಮರದೊಳಗೆ ಬೆರಳು ಹಾಕುವಂತಿಲ್ಲ. ಬೆಣೆ ಕಿತ್ತು ಸತ್ತ ಕೋತಿಯ ಕಥೆಯನ್ನು ಪಂಚತಂತ್ರಕ್ಕೆ ಸೇರಿಸಿದವರು ಈ ಕೆಲಸವನ್ನು ಹತ್ತಿರದಿಂದ ಕಂಡವರೇ ಇರಬೇಕು.

ಇಷ್ಟು ಪಾಡು ಪಡುವುದಕ್ಕೆ ಕಾರಣವಿದೆ. ಹೊಸದಾಗಿ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಸಿಪ್ಪೆ ಆ ನೀರನ್ನು ಸುಲಭವಾಗಿ ಬಿಡುವುದಿಲ್ಲ. ಸೀಳಿದರೆ ಒಳಮೈಗೆ ಗಾಳಿ ತಾಗಿ ಬೇಗ ಒಣಗುತ್ತದೆ. ಹಸಿ ಸೌದೆ ತುರುಕಿದರೆ ಉರಿಯ ದೊಡ್ಡ ಪಾಲು ನೀರನ್ನು ಆವಿ ಮಾಡುವುದರಲ್ಲೇ ಕಳೆದು ಮನೆ ತುಂಬ ಹೊಗೆ. ಆ ಹೊಗೆ ಕುಡಿದವರು ನಮ್ಮ ಅಜ್ಜಿಯರು, ಅಮ್ಮಂದಿರು. ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದ ವಿಜ್ಞಾನಿ ಅಮೂಲ್ಯ ರೆಡ್ಡಿ ಇದನ್ನು ಮನಸ್ಸಿಗೆ ಹಚ್ಚಿಕೊಂಡರು. ಕಡಿಮೆ ಸೌದೆಯ, ಕಡಿಮೆ ಹೊಗೆಯ ಅಸ್ತ್ರ ಒಲೆ ಅಲ್ಲಿಂದಲೇ ಬಂತು. ಬಿ. ಸುಧಾಕರ ರೆಡ್ಡಿ ಅವರೊಂದಿಗೆ 1983ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಬೆಂಗಳೂರಿನ ಸೌದೆಯನ್ನೇ ಕುರಿತದ್ದು. ವರಮಾನ ಏರಿದಂತೆ ಮನೆಗಳು ಸೌದೆ ಬಿಟ್ಟು ಸೀಮೆಎಣ್ಣೆ, ಗ್ಯಾಸಿಗೆ ಹೋಗುವುದನ್ನೂ ಬಡವರ ಪಾಲಿಗೆ ಸೌದೆಯೇ ಉಳಿಯುವುದನ್ನೂ ಅದು ತೋರಿಸಿತು.

ಗೀಸರ್, ಸೋಲಾರ್ ಬಂದ ಮೇಲೆ ಹಂಡೆ ಅಟ್ಟ ಸೇರಿತು. ಕಸುಬು ಮಾತ್ರ ಪೂರ್ತಿ ನಿಂತಿಲ್ಲ. ಸೌದೆ ಒಲೆಯನ್ನೇ ನಂಬಿದ ಮದುವೆ ಅಡುಗೆಯವರಿದ್ದಾರೆ, ಹಳೆಯ ಬೇಕರಿಗಳ ಗೂಡುಗಳಿವೆ, ಸ್ಮಶಾನದ ಚಿತೆಗಳಿವೆ. ಬೇಸಿಗೆ ಮಳೆಗೆ ಉರುಳಿದ ಮಳೆಮರವನ್ನು ಯಂತ್ರದ ಗರಗಸ ನಿಮಿಷಗಳಲ್ಲಿ ಅಡ್ಡಡ್ಡ ಕೊಯ್ದು ಹಾಕುತ್ತದೆ. ಆ ದಿಮ್ಮಿಗಳನ್ನು ಉದ್ದಕ್ಕೆ ಸೀಳಲು ಬೆಣೆ ಬಲ್ಲವರೇ ಬರಬೇಕು.

ಸೌದೆ ಕೊಳ್ಳುವ ಸಂದರ್ಭ ಬಂದರೆ ಸೀಳಿ ಒಣಗಿಸಿದ್ದನ್ನೇ ಕೇಳಿ. ಎರಡು ತುಂಡನ್ನು ಒಂದಕ್ಕೊಂದು ತಟ್ಟಿ ನೋಡಿ: ಒಣಗಿದ್ದು ಟಕಟಕ ಎನ್ನುತ್ತದೆ, ಹಸಿಯದು ಮೊದ್ದಾಗಿ ಸದ್ದು ಮಾಡುತ್ತದೆ. ಒಡೆಯುವವರ ಕೂಲಿಯಲ್ಲಿ ದಯವಿಟ್ಟು ಚೌಕಾಸಿ ಮಾಡಬೇಡಿ.