‘ಪರಪರ’ ನೃತ್ಯದ ಶಬ್ದಕೋಶ: ಜಪಾನೀ ಕ್ಲಬ್ ಸಂಸ್ಕೃತಿಯಲ್ಲಿ ಪದಸ್ತರಗಳು

ಜಪಾನಿನ ಡಿಸ್ಕೋಗಳಲ್ಲಿ 1980ರ ದಶಕದಲ್ಲಿ ರೂಪುಗೊಂಡು, 2000ದ ಆಸುಪಾಸಿನಲ್ಲಿ ಟೋಕಿಯೋದ ಶಿಬುಯಾ ಪ್ರದೇಶದ ಯುವಜನರಲ್ಲಿ ಬಹು ಪ್ರಚಾರ ಪಡೆದ ಸಮೂಹನೃತ್ಯಕ್ಕೆ ‘ಪರಪರ’ ಎಂದು ಹೆಸರು. ನರ್ತಕರು ಸಾಲಾಗಿ ನಿಂತು, ಅಕ್ಕಪಕ್ಕಕ್ಕೆ ಸರಳವಾಗಿ ಹೆಜ್ಜೆಯಿಡುತ್ತ, ತೋಳು ಮತ್ತು ಕೈಗಳ ಚಲನೆಗಳನ್ನು ಏಕರೀತಿಯಲ್ಲಿ ನಿರ್ವಹಿಸುತ್ತಾರೆ. ಪ್ರತಿಯೊಂದು ಹಾಡಿಗೂ ಅದರದೇ ಆದ ಚಲನಾಕ್ರಮವಿದೆ. ಇದಕ್ಕೆ ಒದಗುವ ‘ಯೂರೋಬೀಟ್’ ಸಂಗೀತ ಬಹುಮಟ್ಟಿಗೆ ಇಟಲಿಯ ಸ್ಟುಡಿಯೋಗಳಲ್ಲಿ ತಯಾರಾಗಿ, 1990ರಲ್ಲಿ ಆರಂಭವಾದ ‘ಸೂಪರ್ ಯೂರೋಬೀಟ್’ ಮಾಲಿಕೆಯ ಮೂಲಕ ಜಪಾನಿನಲ್ಲಿ ಹರಡಿತು. ಸಂಗೀತ ಹೊರಗಿನದು; ಪದಗಳಲ್ಲಿ ಹಲವು ಎರವಲು ಪದಗಳಿಗೆ ಮೀಸಲೆಂದು ತೋರುವ ಕಟಕಾನಾ ಲಿಪಿಯಲ್ಲಿವೆ. ಆದುದರಿಂದ ಈ ಶಬ್ದಕೋಶವನ್ನು ಪಾಶ್ಚಾತ್ಯ ಅನುಕರಣೆ ಅಥವಾ ಭಾಷೆಯ ಶೈಥಿಲ್ಯ ಎಂದು ತಳ್ಳಿಹಾಕುವುದು ಸುಲಭ. ಪದಗಳ ನಿಷ್ಪತ್ತಿಯು ಬೇರೆಯದನ್ನೇ ಹೇಳುತ್ತದೆ ಎಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಮೊದಲು ನೃತ್ಯದ ಹೆಸರನ್ನೇ ನೋಡೋಣ. ‘ಪರಪರ’ ಎಂಬುದು ಜಪಾನಿಯ ಅನುಕರಣಪದ. ಮಳೆಯ ಹನಿಗಳು ವಿರಳವಾಗಿ ಉದುರುವುದನ್ನೂ ಪುಸ್ತಕದ ಹಾಳೆಗಳನ್ನು ಮಗುಚುವುದನ್ನೂ ಅದು ಸೂಚಿಸುತ್ತದೆ. ಅದರ ಘೋಷರೂಪವಾದ ‘ಬರಬರ’ ಹೆಚ್ಚು ಭಾರವಾದ, ಚೆದುರಿದ ವಸ್ತುಗಳಿಗೆ ಸಲ್ಲುತ್ತದೆ. ನೃತ್ಯಕ್ಕೆ ಈ ಹೆಸರು ಬಂದ ಬಗೆಗೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. ಸಿಂಥಸೈಜರ್ ನುಡಿಸುವ ಸ್ವರಗುಚ್ಛವನ್ನು ಬಾಯಿಯಿಂದ ಅನುಕರಿಸಿದ್ದರಿಂದ ಬಂತೆಂಬುದು ಅವುಗಳಲ್ಲೊಂದು. ಪದವು ಕಟಕಾನಾದಲ್ಲಿರುವುದು ಎರವಲಾದ್ದರಿಂದಲ್ಲ. ಅನುಕರಣಪದಗಳನ್ನು ಬರೆಯುವುದಕ್ಕೂ ಅದೇ ಲಿಪಿ ರೂಢಿಯಲ್ಲಿದೆ.

ಈ ಪದದ ಆದಿಯ ಪಕಾರವೂ ಗಮನಾರ್ಹ. ಪ್ರಾಚೀನ ಜಪಾನಿಯ ಪದಾದಿ ಪಕಾರವು ಕಾಲಕ್ರಮದಲ್ಲಿ ಫಕಾರದಂತಹ ಓಷ್ಠ್ಯಧ್ವನಿಯಾಗಿ, ಬಳಿಕ ಬಹುತೇಕ ಸ್ವರಗಳ ಮುಂದೆ ಹಕಾರವಾಯಿತು. ದೇಶ್ಯಪದಗಳ ಪೈಕಿ ಅನುಕರಣಪದಗಳು ಮಾತ್ರ ಈ ಬದಲಾವಣೆಯಿಂದ ಹೊರಗುಳಿದಿವೆ. ‘ಹೊಳೆ’ ಎಂಬ ಅರ್ಥದ ಕ್ರಿಯಾಪದ ‘ಹಿಕರು’. ಆದರೆ ಹೊಳಪಿನ ಅನುಕರಣ ‘ಪಿಕಪಿಕ’. ಕನ್ನಡದ ಓದುಗರಿಗೆ ಇದು ಅಪರಿಚಿತವಲ್ಲ. ‘ಪಾಲ್’ ‘ಹಾಲು’ ಆಯಿತು, ‘ಪೊಳೆ’ ‘ಹೊಳೆ’ ಆಯಿತು. ಆದರೂ ‘ಪಳಪಳ ಹೊಳೆಯುತ್ತದೆ’ ಎನ್ನುವಾಗ ಅನುಕರಣಾವ್ಯಯದಲ್ಲಿ ಪಕಾರವೇ ಇದೆ. ‘ಬಟ್ಟೆಯನ್ನು ಪರಪರ ಹರಿದ’ ಎಂಬಲ್ಲಿಯೂ ಹಾಗೆಯೇ. ಇದರಿಂದ ಎರಡು ಭಾಷೆಗಳಿಗೆ ಸಂಬಂಧ ಕಲ್ಪಿಸಬೇಕಾಗಿಲ್ಲ. ಅನುಕರಣಪದಗಳು ಧ್ವನಿನಿಯಮಗಳಿಗೆ ಸುಲಭವಾಗಿ ಮಣಿಯುವುದಿಲ್ಲ ಎಂಬುದಕ್ಕೆ ಇವು ಎರಡು ಸ್ವತಂತ್ರ ಸಾಕ್ಷ್ಯಗಳು.

ನೃತ್ಯದ ಅಂಗಚಲನೆಗೆ ‘ಫುರಿ’ ಎಂದೂ ಅದರ ಸಂಯೋಜನೆಗೆ ‘ಫುರಿತ್ಸುಕೆ’ ಎಂದೂ ಹೆಸರು. ‘ಬೀಸು, ಅಲ್ಲಾಡಿಸು’ ಎಂಬ ಅರ್ಥದ ‘ಫುರು’ ಧಾತುವಿನಿಂದ ಬಂದ ಈ ಪದಗಳು ಕಬುಕಿ ರಂಗಭೂಮಿಯ ಪರಿಭಾಷೆಗೂ ಸೇರಿದವು. ಧಾತುವಿನ ಪ್ರಾಚೀನ ರೂಪ ‘ಪುರು’. ಹೀಗೆ ನೃತ್ಯದ ಹೆಸರು ಪಕಾರವನ್ನು ಉಳಿಸಿಕೊಂಡಿದ್ದರೆ, ಅದರ ಕೇಂದ್ರ ಪರಿಭಾಷೆಯು ಬದಲಾದ ರೂಪವನ್ನು ತೋರಿಸುತ್ತದೆ. ಡಿಸ್ಕೋದ ಎತ್ತರದ ವೇದಿಕೆ ‘ಒತಚಿದೈ’: ಗೌರವಸೂಚಕ ‘ಒ’, ನಿಲ್ಲುವುದೆಂಬ ಅರ್ಥದ ದೇಶ್ಯ ‘ತಚಿ’, ಪೀಠವೆಂಬ ಅರ್ಥದ ಚೀನೀ ಮೂಲದ ‘ದೈ’. 1991ರಿಂದ 1994ರವರೆಗೆ ನಡೆದ ‘ಜೂಲಿಯಾನಾಸ್ ಟೋಕಿಯೋ’ ಡಿಸ್ಕೋ ಈ ಪದವನ್ನು ಮನೆಮಾತಾಗಿಸಿತು. ಡಿಸ್ಕೋ ಸಿಬ್ಬಂದಿಯನ್ನು ‘ಕುರೊಫುಕು’, ಅಂದರೆ ಕರಿಯುಡುಪು, ಎಂದು ಕರೆದುದು ಲಕ್ಷಣಾರ್ಥದ ಪ್ರಯೋಗ. ಇದರಲ್ಲಿಯೂ ದೇಶ್ಯ ‘ಕುರೊ’ ಚೀನೀ ಮೂಲದ ‘ಫುಕು’ವಿನೊಡನೆ ಕೂಡಿದೆ.

ನಿಜವಾದ ಎರವಲುಗಳು ಸಂಗೀತದ ವಲಯದಲ್ಲಿ ಹೆಚ್ಚು. ಆದರೆ ಅವೂ ಜಪಾನಿಯ ಮಾತ್ರಾಗಣನೆಗೆ ಒಳಪಟ್ಟಿವೆ. ಆರು ಮಾತ್ರೆಗಳ ‘ಯೂರೊಬೀತೊ’ ಮೂರು ಮಾತ್ರೆಗಳ ‘ಯೂರೊ’ ಆಗುತ್ತದೆ. ಟ್ರಾನ್ಸ್ ಸಂಗೀತಕ್ಕೆ ಆಡುವ ಪರಪರವು ‘ತೊರಪರ’, ಟೆಕ್ನೋ ಸಂಗೀತದ್ದು ‘ತೆಕುಪರ’. ಎರಡು ಪದಗಳಿಂದ ಎರಡೆರಡು ಮಾತ್ರೆಗಳನ್ನು ಆಯ್ದು ನಾಲ್ಕು ಮಾತ್ರೆಗಳ ಸಮಾಸ ಕಟ್ಟುವ ಈ ಕ್ರಮವೇ ಪರ್ಸನಲ್ ಕಂಪ್ಯೂಟರನ್ನು ‘ಪಸೊಕೊನ್’ ಆಗಿಸಿದೆ. ಕೊನೆಯ ನಕಾರಕ್ಕೂ ಒಂದು ಮಾತ್ರೆ ಸಲ್ಲುತ್ತದೆ. ಕಚೇರಿಯ ಪದಕ್ಕೂ ಕ್ಲಬ್ಬಿನ ಪದಕ್ಕೂ ವ್ಯಾಕರಣ ಒಂದೇ. ಕೊನಾಮಿ ಸಂಸ್ಥೆ 2000ದಲ್ಲಿ ಹೊರತಂದ ಆಟಯಂತ್ರದ ಹೆಸರು ‘ಪರಪರಪರದೈಸು’. ಇಲ್ಲಿ ‘ಪ್ಯಾರಡೈಸ್’ ಪದದ ಮೊದಲೆರಡು ಮಾತ್ರೆಗಳು ಅನುಕರಣದ ಮೂರನೆಯ ಆವೃತ್ತಿಯಂತೆ ಕೇಳಿಸುತ್ತವೆ.

ಶ್ಲೇಷೆಯೂ ಇದೇ ಸ್ತರಜ್ಞಾನವನ್ನು ಅವಲಂಬಿಸಿದೆ. ‘ಸೆನ್ತಾ ಗೈ’ ಶಿಬುಯಾದ ಒಂದು ಬೀದಿ. ಅದರಲ್ಲಿನ ‘ಗೈ’ಗೆ ಬೀದಿಯೆಂದೇ ಅರ್ಥ, ಮೂಲ ಚೀನೀ. ಅಲ್ಲಿ ಸೇರುತ್ತಿದ್ದ, ಗಾಢವಾದ ಮುಖವರ್ಣಿಕೆಯ ಯುವಕರಿಗೂ ‘ಸೆನ್ತಾ ಗೈ’ ಎಂಬ ಹೆಸರೇ ಬಂತು. ಈಗ ‘ಗೈ’ ಎಂಬುದು ಯುವಕನೆಂಬ ಅರ್ಥದ ಇಂಗ್ಲಿಷ್ ಪದ. ಉಚ್ಚಾರಣೆ ಬದಲಾಗದೆ ಪದಸ್ತರ ಮಾತ್ರ ಬದಲಾಯಿತು.

ಮೇಲಿನ ಉದಾಹರಣೆಗಳಲ್ಲಿ ಒಂದು ವಿಭಜನೆ ಕಾಣುತ್ತದೆ. ಕೇಳುವ ಸಂಗೀತದ ಪದಗಳು ಹೆಚ್ಚಾಗಿ ಎರವಲು. ದೇಹದಿಂದ ಮಾಡುವ ಕ್ರಿಯೆಯ ಪದಗಳು ದೇಶ್ಯ. ಎರಡನ್ನೂ ಕೂಡಿಸುವ ಹೆಸರು ಅನುಕರಣ. ಹಾಡುಗಳು ಇಟಲಿಯಿಂದ ಬಂದರೂ ನೃತ್ಯ ಜಪಾನಿನಲ್ಲಿ ಹುಟ್ಟಿತೆಂಬ ಇತಿಹಾಸಕ್ಕೆ ಇದು ಹೊಂದುತ್ತದೆ. ಉಪಸಂಸ್ಕೃತಿಗಳ ನಿಘಂಟು ರಚಿಸುವವರು ಲಿಪಿಯನ್ನಷ್ಟೇ ನೋಡಿ ‘ಪರಪರ’ವನ್ನು ಎರವಲು ಪದಗಳ ಸಾಲಿಗೆ ಸೇರಿಸಿದರೆ, ಒಂದು ನಿಷ್ಪತ್ತಿಯೊಡನೆ ಆ ನೃತ್ಯವನ್ನು ಕಟ್ಟಿದವರ ಕರ್ತೃತ್ವವೂ ಮರೆಯಾಗುತ್ತದೆ.