ತೆಂಗಿನ ತಲೆಯ ಮೇಲೊಂದು ಸೇತುವೆ

ಕುಮಟಾ ತಾಲೂಕಿನ ಬಾಡದಂಥ ಕರಾವಳಿ ಊರಿನಲ್ಲಿ ಕೇಬಲ್ ಎಳೆಯಹೊರಟವರಿಗೆ ಅಡ್ಡಿಗಳು ಒಂದೆರಡಲ್ಲ. ತೋಟ, ಗದ್ದೆ, ರಸ್ತೆ, ಒಬ್ಬರ ಬೇಲಿ, ಇನ್ನೊಬ್ಬರ ಅಂಗಳ. ಒಂದು ಸಹಕಾರಿ ಸಂಘದ ಕಚೇರಿ ರಸ್ತೆಯ ಈಚೆ ಇದೆ, ಅದರ ಗೋದಾಮು ತೋಟಗಳಾಚೆ ಎರಡು ಕಿಲೋಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಎರಡೂ ಕಡೆ ಕಂಪ್ಯೂಟರುಗಳಿವೆ, ಸ್ವಿಚ್ಚಿಗೆ ತಂತಿ ಜೋಡಿಸಿದ ಜಾಲ ಆಯಾ ಕಟ್ಟಡದೊಳಗೆ ಸುಸೂತ್ರವಾಗಿ ನಡೆಯುತ್ತಿದೆ. ಆದರೆ ಇಲ್ಲಿನ ಲೆಕ್ಕ ಅಲ್ಲಿಗೆ ಕಾಣದು. ತಾಮ್ರದ ಈಥರ್ನೆಟ್ ಕೇಬಲ್ಲಿನ ಓಟ 100 ಮೀಟರಿಗೆ ಮುಗಿಯುತ್ತದೆ. ಫೈಬರ್ ಎಳೆಯಬಹುದು, ಆದರೆ ಕಂಬ ಬೇಕು, ಅನುಮತಿ ಬೇಕು, ದುಡ್ಡು ಬೇಕು. ಇಂಥ ಕಡೆ ಎರಡು ಮಾಡುಗಳ ಮೇಲೆ ಎರಡು ರೇಡಿಯೋ ಕೂರಿಸಿ, ನಡುವಿನ ಗಾಳಿಯನ್ನೇ ತಂತಿಯಾಗಿಸುವ ಕೆಲಸಕ್ಕೆ ವೈರ್‌ಲೆಸ್ ಬ್ರಿಜ್ ಎನ್ನುತ್ತಾರೆ.

ಇದು ಮನೆಯ ವೈಫೈ ಅಲ್ಲ. ಮನೆಯಲ್ಲಿ ಫೋನು ರೂಟರಿನ ಜೊತೆ ಮಾತಾಡುವಾಗ ಮಾಹಿತಿಯ ಪ್ರತಿ ಪೊಟ್ಟಣದ ಮೇಲೆ ಮೂರು ವಿಳಾಸವಿದ್ದರೆ ಸಾಕು, ಏಕೆಂದರೆ ಆ ತುದಿಯಲ್ಲಿರುವುದು ಫೋನೊಂದೇ. ಬ್ರಿಜ್‌ನಲ್ಲಿ ಹಾಗಲ್ಲ. ಗೋದಾಮಿನ ರೇಡಿಯೋದ ಹಿಂದೆ ಹತ್ತು ಯಂತ್ರಗಳಿರಬಹುದು, ಕಚೇರಿಯ ರೇಡಿಯೋದ ಹಿಂದೆ ಇನ್ನಷ್ಟು. ಹಾಗಾಗಿ ಪೊಟ್ಟಣ ನಾಲ್ಕು ವಿಳಾಸ ಹೊತ್ತು ಹೊರಡುತ್ತದೆ: ಕಳಿಸುವ ರೇಡಿಯೋ, ಪಡೆಯುವ ರೇಡಿಯೋ, ಮೂಲದಲ್ಲಿ ಬರೆದ ಕಂಪ್ಯೂಟರು, ಕೊನೆಗೆ ತಲುಪಬೇಕಾದ ಕಂಪ್ಯೂಟರು. ಆಚೆ ದಡ ಸೇರಿದ ಮೇಲೆ ರೇಡಿಯೋಗಳ ಎರಡು ವಿಳಾಸ ಕಳಚಿಬೀಳುತ್ತವೆ. ಉಳಿದದ್ದು ತಂತಿಯಲ್ಲೇ ಬಂದಂತೆ ಸ್ವಿಚ್ಚಿಗೆ ಇಳಿಯುತ್ತದೆ. ನಡುವೆ ತಂತಿ ಇಲ್ಲವೆಂಬುದು ಎರಡೂ ಕಡೆಯ ಕಂಪ್ಯೂಟರುಗಳಿಗೆ ಗೊತ್ತೇ ಆಗುವುದಿಲ್ಲ. ಈ ವಿದ್ಯೆಯಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ.

ತಂತಿಯ ಈಥರ್ನೆಟ್ಟಿಗೂ ಗಾಳಿಯ ಋಣವಿದೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ತಂಡ ಕಡಲ ನಡುವಿನ ದ್ವೀಪಗಳನ್ನು ಕಂಪ್ಯೂಟರಿಗೆ ಜೋಡಿಸಲು ಅಲೋಹಾನೆಟ್ ಎಂಬ ರೇಡಿಯೋ ಜಾಲ ನಡೆಸಿತು. ಅದರ ವಿಚಾರವನ್ನು ತಿದ್ದಿಕೊಂಡೇ ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ಈಥರ್ನೆಟ್ಟಿನ ಕಲ್ಪನೆ ಮುಂದಿಟ್ಟರು.

ಬ್ರಿಜ್ ಕಟ್ಟುವ ಕೆಲಸದ ಕಷ್ಟವೆಲ್ಲ ಇರುವುದು ಕಂಪ್ಯೂಟರಿನಲ್ಲಲ್ಲ, ಮರಗಳಲ್ಲಿ. ಒಂದು ರೇಡಿಯೋದ ಡಿಶ್‌ನಿಂದ ಇನ್ನೊಂದು ಕಣ್ಣಿಗೆ ಕಂಡರೆ ಸಾಲದು. ಅಲೆ ಸಾಗುವ ದಾರಿ ಗೆರೆಯಂತಿರುವುದಿಲ್ಲ, ಸೌತೆಕಾಯಿಯಂತೆ ನಡುವೆ ಉಬ್ಬಿರುತ್ತದೆ. ಇದಕ್ಕೆ ಫ್ರೆನೆಲ್ ವಲಯವೆಂದು ಹೆಸರು. ಎರಡು ಕಿಲೋಮೀಟರ್ ದೂರಕ್ಕೆ, 5.8 ಗಿಗಾಹರ್ಟ್ಸ್ ಅಲೆಗೆ, ನಟ್ಟನಡುವೆ ಅದರ ತ್ರಿಜ್ಯ ಸುಮಾರು 5 ಮೀಟರ್. ಅದರಲ್ಲಿ ಶೇಕಡಾ 60, ಅಂದರೆ 3 ಮೀಟರ್, ಖಾಲಿ ಇರಲೇಬೇಕು. ಬೆಳೆದ ತೆಂಗಿನ ತೋಟದ ಮೇಲೆ ಇಷ್ಟು ಜಾಗ ಸಿಗಬೇಕಾದರೆ ಎತ್ತರದ ಕಂಬವೇ ಗತಿ. ಇಲ್ಲವೇ ಹತ್ತಿರದ ಗುಡ್ಡದ ಮೇಲೊಂದು ನಡು ತಾಣ. ಮಳೆಗೆ ಸಿಗ್ನಲ್ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಈ ಅಲೆಗೆ, ಇಷ್ಟು ದೂರಕ್ಕೆ, ಜೋರು ಮಳೆಯೂ ದೊಡ್ಡ ಅಡ್ಡಿಯಲ್ಲ. ಅಡ್ಡಿಯಾಗುವುದು ಮಳೆಯಲ್ಲಿ ನೆನೆದು ತೂಗುವ ಮಡಲು. ಅದಕ್ಕೇ ಬಲ್ಲವರು ಬೇಸಿಗೆಯ ಅಳತೆಯನ್ನು ನಂಬದೆ, ಮರ ಬೆಳೆಯುವುದಕ್ಕೂ ಜಾಗ ಬಿಟ್ಟು ಕಂಬ ನಿಲ್ಲಿಸುತ್ತಾರೆ.

ಅಘನಾಶಿನಿಯ ಅಳಿವೆಯಲ್ಲಿ, ತದಡಿಯಿಂದ ಎದುರು ದಡಕ್ಕೆ ಇಂಥದೇ ಜೋಡಣೆ ಮಾಡುವುದಾದರೆ ಮರದ ಕಾಟವಿಲ್ಲ, ನೀರಿನದಿದೆ. ನೀರಿಗೆ ತಾಗಿ ಪುಟಿದ ಅಲೆ ನೇರ ಬಂದ ಅಲೆಯನ್ನು ಒಮ್ಮೆ ಬಲಪಡಿಸುತ್ತದೆ, ಒಮ್ಮೆ ಅಳಿಸುತ್ತದೆ. ಉಬ್ಬರ ಇಳಿತದ ಜೊತೆ ನೀರಿನ ಮಟ್ಟ ಬದಲಾದಂತೆ ಸಿಗ್ನಲ್ಲೂ ಏರಿಳಿಯುತ್ತದೆ. ಒಂದೇ ಹೊತ್ತಿನಲ್ಲಿ ಅಳೆದು ಬಂದರೆ ಅರ್ಧ ಸತ್ಯವಷ್ಟೇ ಸಿಕ್ಕೀತು.

ಇನ್ನು ಡಿಶ್ ತಿರುಗಿಸುವ ಕೆಲಸ. 30 ಸೆಂಟಿಮೀಟರಿನ ಡಿಶ್ ಹೆಚ್ಚುಕಡಿಮೆ 12 ಡಿಗ್ರಿಯ ಕಿರಿದಾದ ಕಿರಣ ಬಿಡುತ್ತದೆ. ಅದರ ಅಕ್ಕಪಕ್ಕ ಸಣ್ಣ ಸಣ್ಣ ಉಪಕಿರಣಗಳೂ ಇರುತ್ತವೆ. ಆತುರದವರು ಉಪಕಿರಣ ತಾಗಿದ ಕೂಡಲೇ ನಟ್ಟು ಬಿಗಿದುಬಿಡುತ್ತಾರೆ. ಪಳಗಿದವರು ಮೊದಲೇ ಲೆಕ್ಕ ಹಾಕಿರುತ್ತಾರೆ: ಈ ದೂರಕ್ಕೆ, ಈ ಡಿಶ್‌ಗೆ, ಬರಬೇಕಾದ ಸಿಗ್ನಲ್ಲಿನ ಬಲ ಮೈನಸ್ 55 ಡಿಬಿಎಂ ಆಸುಪಾಸು. ಪರದೆ ಅದಕ್ಕಿಂತ ದುರ್ಬಲವಾದ ಮೈನಸ್ 73 ತೋರಿಸಿದರೆ ಸಮಾಧಾನಪಡದೆ ಇನ್ನೂ ತಿರುಗಿಸುತ್ತಾರೆ. ಶಿಖರ ದಾಟಿ ಇಳಿಯುವವರೆಗೆ ಹೋಗಿ, ಮತ್ತೆ ಹಿಂದೆ ಬಂದು, ಎಡಬಲ ಆದ ಮೇಲೆ ಮೇಲೆಕೆಳಗೆ. ಆಚೆ ಮಾಡಿನಲ್ಲಿದ್ದವರು ಅಷ್ಟು ಹೊತ್ತೂ ಕೈ ಅಲ್ಲಾಡಿಸದೆ ಕಾಯಬೇಕು. ಮೂರು ಡೆಸಿಬಲ್ ಸಿಕ್ಕಿತೆಂದರೆ ಬರುವ ಶಕ್ತಿ ಇಮ್ಮಡಿಯಾದಂತೆ.

ಉಪ್ಪುಗಾಳಿಗೆ ಸಾದಾ ಕಬ್ಬಿಣದ ಕ್ಲಾಂಪ್ ನಿಲ್ಲದು, ಸ್ಟೇನ್‌ಲೆಸ್ ಸ್ಟೀಲೇ ಬೇಕು. ಕೇಬಲ್ಲನ್ನು ಗೋಡೆಯೊಳಗೆ ತೂರಿಸುವ ಮೊದಲು ಕೆಳಗೆ ಒಂದು ಬಾಗು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮುಂಗಾರಿನ ಮುಂಚಿನ ಗುಡುಗು ಸಿಡಿಲಿಗೆ ಅರ್ಥಿಂಗ್ ಇಲ್ಲದ ಕಂಬ ನಿಲ್ಲಿಸುವುದು ಅಪರಾಧವೆಂದೇ ನನ್ನ ಭಾವನೆ.

ಇಂಥ ರೇಡಿಯೋ ಬಳಸಲು ಲೈಸೆನ್ಸ್ ಬೇಡ: ಭಾರತ ಸರಕಾರ 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ 2018ರಲ್ಲಿ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನೂ ಲೈಸೆನ್ಸಿನಿಂದ ಬಿಡಿಸಿತು. ಶಕ್ತಿಯ ಮಿತಿ ಮಾತ್ರ ಮೀರುವಂತಿಲ್ಲ. ಹೀಗೆ ಗಾಳಿಯಲ್ಲೇ ಜಾಲ ಕಟ್ಟಿದವರೂ ಇದ್ದಾರೆ. ತಮಿಳುನಾಡಿನ ಥೇಣಿಯಲ್ಲಿ ಅರವಿಂದ ಕಣ್ಣಾಸ್ಪತ್ರೆ, ಬರ್ಕ್ಲಿ ವಿಶ್ವವಿದ್ಯಾಲಯದ ತಂಡದೊಂದಿಗೆ ಸೇರಿ ಇಂಥ ದೂರದ ವೈಫೈಯಲ್ಲೇ ಹಳ್ಳಿಯ ರೋಗಿಗಳನ್ನು ವಿಡಿಯೋದಲ್ಲಿ ವೈದ್ಯರಿಗೆ ತೋರಿಸಿತು. ನಮ್ಮ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಹಳ್ಳಿಗರದೇ ಆದ ವೈಫೈ ಜಾಲ ಕಟ್ಟಿದೆ, ಅದಕ್ಕೆ ಬಿದಿರಿನ ಗೋಪುರಗಳನ್ನೂ ಬಳಸಿದೆ.

ರೇಡಿಯೋಗಳು ಕೂಡಿದ ಮೇಲೂ ಒಂದು ಕೆಲಸ ಬಾಕಿ. ಎರಡೂ ಕಟ್ಟಡದಲ್ಲಿ ಹಳೆಯ ರೂಟರುಗಳಿದ್ದರೆ ಎರಡೂ ತಾವೇ ಯಜಮಾನರೆಂದು ವಿಳಾಸ ಹಂಚತೊಡಗುತ್ತವೆ, ಹಲವು ಸಲ ಎರಡರದೂ 192.168.1.1 ಎಂಬ ಒಂದೇ ನಂಬರು. ಒಂದರ ವಿಳಾಸ ಬದಲಿಸಿ, ಅದರ ಹಂಚಿಕೆ ನಿಲ್ಲಿಸಬೇಕು. ಅಷ್ಟಾದರೆ ಗೋದಾಮಿನ ಪ್ರಿಂಟರು ಕಚೇರಿಯ ಕಂಪ್ಯೂಟರಿನ ಪಟ್ಟಿಯಲ್ಲಿ ಬರುತ್ತದೆ, ಇಲ್ಲಿ ಒತ್ತಿದ ರಶೀದಿ ಅಲ್ಲಿ ಅಚ್ಚಾಗುತ್ತದೆ.