ಹೊಸ್ತಿಲೊಳಗೆ ತಡವಾಗಿ ಬಂದ ಆಯುಷ್ಯ

ಕಾಲಿಗೆ ಬಿದ್ದ ಹೆಣ್ಣುಮಗಳನ್ನು ‘ದೀರ್ಘ ಸುಮಂಗಲಿಯಾಗು’ ಎಂದು ಹರಸುವಾಗ ನಾವು ಕೇಳಿಕೊಳ್ಳುವುದು ಅವಳ ಗಂಡನ ಆಯುಷ್ಯವನ್ನು. ಮುತ್ತೈದೆ ಸಾವು ಪುಣ್ಯದ ಸಾವು ಎಂಬ ಮಾತೂ ಅದರ ಬೆನ್ನಿಗೇ ಇದೆ. ಇಂದಿನ ಲೆಕ್ಕ ಬೇರೆಯದನ್ನೇ ಹೇಳುತ್ತದೆ. 2014-18ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹುಟ್ಟುವ ಹೆಣ್ಣುಮಗುವಿನ ನಿರೀಕ್ಷಿತ ಆಯುಷ್ಯ 71.3 ವರ್ಷ, ಗಂಡುಮಗುವಿನದು 67.9. ಹೆಣ್ಣಿನ ದೇಹವೇ ಗಟ್ಟಿ, ಇದು ಪ್ರಕೃತಿ ನಿಯಮ ಎಂದು ಹೇಳಿ ಇಲ್ಲಿಗೇ ಬಿಟ್ಟುಬಿಡುವುದು ಸುಲಭ. ಆದರೆ ಭಾರತದ ಮಟ್ಟಿಗೆ ಈ ಸ್ಥಿತಿಗೆ ಸುಮಾರು ನಾಲ್ಕು ದಶಕವಷ್ಟೇ ವಯಸ್ಸು. ಅದಕ್ಕೂ ಮೊದಲು ಸುಮಾರು ಆರು ದಶಕ ಕಾಲ ಗಂಡಸರೇ ಹೆಚ್ಚು ಬದುಕುತ್ತಿದ್ದರು.

ಜನಗಣತಿಯಿಂದ ಕಟ್ಟಿದ ಅಂದಾಜುಗಳನ್ನು ಸಾಲಾಗಿ ಇಟ್ಟು ನೋಡಬೇಕು. 1911-21ರ ದಶಕದಲ್ಲಿ ಬರಗಾಲ, ಪ್ಲೇಗು, 1918ರ ಇನ್‌ಫ್ಲುಯೆಂಜಾ ಒಟ್ಟಾಗಿ ಎರಗಿದಾಗ ಭಾರತದ ಗಂಡಸಿನ ನಿರೀಕ್ಷಿತ ಆಯುಷ್ಯ 19.4, ಹೆಂಗಸಿನದು 20.9. ಎಲ್ಲರೂ ಇಪ್ಪತ್ತಕ್ಕೇ ಸಾಯುತ್ತಿದ್ದರೆಂದು ಇದರ ಅರ್ಥವಲ್ಲ. ತೊಟ್ಟಿಲಲ್ಲೇ ಹೋಗುತ್ತಿದ್ದ ಕೂಸುಗಳು ಸರಾಸರಿಯನ್ನು ಅಷ್ಟು ಕೆಳಗೆ ಎಳೆಯುತ್ತಿದ್ದವು. ಎಂಬತ್ತು ಕಂಡ ಅಜ್ಜ-ಅಜ್ಜಿಯರು ಆಗಲೂ ಇದ್ದರು. 1921ರ ನಂತರ ದೊಡ್ಡ ಬರಗಳ ಹೊಡೆತ ತಗ್ಗಿ ಆಯುಷ್ಯ ಏರತೊಡಗಿತು. ವಿಚಿತ್ರ ಶುರುವಾದದ್ದೇ ಆಗ. ಏರಿಕೆಯ ಜೊತೆಗೆ ಹೆಣ್ಣು ಹಿಂದೆ ಬಿದ್ದಳು. 1931-41ರಲ್ಲಿ ಗಂಡಿಗೆ 32.1, ಹೆಣ್ಣಿಗೆ 31.4. ಸ್ವಾತಂತ್ರ್ಯದ ನಂತರ ಡಿಡಿಟಿ ಸಿಂಪಡಣೆ, ಮಲೇರಿಯಾ ನಿಯಂತ್ರಣ, ಸಿಡುಬಿನ ಚುಚ್ಚುಮದ್ದು ಊರೂರಿಗೆ ಬಂದವು. 1951-61ರಲ್ಲಿ ಗಂಡಿಗೆ 41.9, ಹೆಣ್ಣಿಗೆ 40.6, ಮುಂದಿನ ದಶಕದಲ್ಲಿ 46.4 ಮತ್ತು 44.7. ದೇಶದ ಆರೋಗ್ಯ ಸುಧಾರಿಸಿದಷ್ಟೂ ಇಬ್ಬರ ನಡುವಿನ ಅಂತರ ಹೆಚ್ಚಿತು.

ಇದಕ್ಕೆ ನನಗೆ ಒಪ್ಪಿಗೆಯಾಗುವ ವಿವರಣೆ ಒಂದೇ. ಬರ ಮತ್ತು ಸಾಂಕ್ರಾಮಿಕ ರೋಗಗಳನ್ನು ಸರ್ಕಾರ ಹೊರಗಿನಿಂದ ತಡೆಯಬಹುದು: ರೈಲಿನಲ್ಲಿ ಧಾನ್ಯ ಕಳಿಸಿ, ಕೆರೆಗೆ ಔಷಧ ಸಿಂಪಡಿಸಿ, ಬೀದಿಯಲ್ಲಿ ಚುಚ್ಚುಮದ್ದು ಹಾಕಿ. ಹೆಣ್ಣಿನ ಸಾವಿನ ಬಹುಪಾಲು ಕಾರಣಗಳು ಹೊಸ್ತಿಲಿನ ಒಳಗಿದ್ದವು. ಹದಿನಾಲ್ಕಕ್ಕೆ ಮದುವೆ, ವರ್ಷ ಬಿಟ್ಟು ವರ್ಷ ಬಸಿರು, ಬಾಣಂತಿ ನಂಜು, ತಂಗಳು ಊಟ, ಜ್ವರ ಬಂದ ಹೆಣ್ಣುಕೂಸನ್ನು ‘ನಾಳೆ ನೋಡೋಣ’ ಎಂದು ಮಲಗಿಸುವ ಮನಸ್ಸು. ಹೆರಿಗೆಯನ್ನು ಮರುಹುಟ್ಟು ಎಂದು ನಮ್ಮ ಹಿರಿಯರು ಸುಮ್ಮನೆ ಕರೆಯಲಿಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಗರ್ಭನಿಯಂತ್ರಣ ಚಿಕಿತ್ಸಾಲಯಗಳಿಗೆ ಆದೇಶ ಹೊರಡಿಸಿತ್ತು. ಆದರೆ ಅಂಥ ಆದೇಶ ಅಡುಗೆಮನೆ ಮುಟ್ಟಲು ಇನ್ನೂ ಎರಡು ತಲೆಮಾರು ಬೇಕಾಯಿತು.

ಹಳೆಯ ಅಂದಾಜುಗಳನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಬರಬಹುದು. ನ್ಯಾಯವಾದ ಪ್ರಶ್ನೆ, ಅಂದಿನ ವಯಸ್ಸಿನ ಲೆಕ್ಕ ಒರಟು. ಆದರೆ ಹುಟ್ಟು-ಸಾವುಗಳನ್ನು ನೇರವಾಗಿ ದಾಖಲಿಸುವ ಮಾದರಿ ನೋಂದಣಿಯ ಮೊದಲ ಕೋಷ್ಟಕಗಳೂ ಅದನ್ನೇ ಹೇಳಿದವು: 1970-75ರಲ್ಲಿ ಗಂಡಿಗೆ 50.5, ಹೆಣ್ಣಿಗೆ 49. ಒಂದೇ ಅಳತೆಗೋಲಿನಲ್ಲಿ ರಾಜ್ಯಗಳನ್ನು ಅಳೆದಾಗ ಪ್ರಕೃತಿಯ ವಾದ ಪೂರ್ತಿ ಕುಸಿಯುತ್ತದೆ. ಅದೇ ಅವಧಿಯಲ್ಲಿ ಉತ್ತರ ಪ್ರದೇಶದ ಹೆಣ್ಣು ಅಲ್ಲಿನ ಗಂಡಿಗಿಂತ ಸುಮಾರು ಐದು ವರ್ಷ ಕಡಿಮೆ ಬದುಕುತ್ತಿದ್ದಳು, ಕೇರಳದ ಹೆಣ್ಣು ಎರಡೂವರೆ ವರ್ಷ ಹೆಚ್ಚು. ಕರ್ನಾಟಕದಲ್ಲಿ ಇಬ್ಬರದೂ 55ರ ಆಸುಪಾಸು. ಕೇರಳವೇನೂ ಆಗ ಸಿರಿವಂತ ರಾಜ್ಯವಲ್ಲ. ಅಲ್ಲಿದ್ದದ್ದು ತಿರುವಾಂಕೂರಿನ ಕಾಲದಿಂದ ಬಂದ ಶಾಲೆಗಳು, ಓದು ಬಲ್ಲ ತಾಯಂದಿರು, ನಡೆದು ತಲುಪಬಹುದಾದ ಆಸ್ಪತ್ರೆ. ದೇಹ ಎಲ್ಲೆಡೆ ಒಂದೇ, ಮನೆ ಬೇರೆ.

ದೇಶದ ಮಟ್ಟದಲ್ಲಿ ಗೆರೆ ದಾಟಿದ್ದು 1981-85ರಲ್ಲಿ, ಹೆಣ್ಣಿಗೆ 55.7, ಗಂಡಿಗೆ 55.4. 1971ರಲ್ಲಿ ಸರಾಸರಿ 5.2 ಮಕ್ಕಳನ್ನು ಹೆರುತ್ತಿದ್ದ ತಾಯಿ 1981ರ ಹೊತ್ತಿಗೆ 4.5ಕ್ಕೆ ಇಳಿದಿದ್ದಳು. ಒಂದು ಹೆರಿಗೆ ಕಡಿಮೆಯಾದರೆ ಸಾವಿನ ಬಾಗಿಲಿಗೆ ಹೋಗಿ ಬರುವ ಒಂದು ಪ್ರಯಾಣ ಕಡಿಮೆ. ಕುಡಿತ, ಬೀಡಿ, ರಸ್ತೆ ಅಪಘಾತಗಳಿಂದ ಗಂಡಸರು ಸೋತರು, ಅದಕ್ಕೇ ಹೆಣ್ಣು ಗೆದ್ದಂತೆ ಕಾಣುತ್ತದೆ ಎನ್ನುವವರಿದ್ದಾರೆ. ಇಂದಿನ ಅಂತರದಲ್ಲಿ ಅವುಗಳ ಪಾಲು ದೊಡ್ಡದೇ, ಒಪ್ಪುತ್ತೇನೆ. ಆದರೆ ಗೆರೆ ದಾಟಿದ ಆ ವರ್ಷಗಳಲ್ಲಿ ಗಂಡಿನ ಆಯುಷ್ಯವೂ ಏರುತ್ತಲೇ ಇತ್ತು. ಹೆಣ್ಣಿನದು ಇನ್ನೂ ಬೇಗ ಏರಿತು.

ಕರ್ನಾಟಕದಲ್ಲಿ ಈ ಬದಲಾವಣೆಯನ್ನು ಬಾಣಂತಿಯ ಮಂಚದ ಬಳಿಯೇ ನೋಡಬಹುದು. 1992-93ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದದ್ದು ಹತ್ತರಲ್ಲಿ ನಾಲ್ಕು ಹೆರಿಗೆಗಿಂತಲೂ ಕಡಿಮೆ. 2019-20ರಲ್ಲಿ ಅದು ಶೇ 97. ಲಕ್ಷ ಜೀವಂತ ಜನನಗಳಿಗೆ 2001-03ರಲ್ಲಿ 228 ತಾಯಂದಿರು ಸಾಯುತ್ತಿದ್ದರು, 2018-20ರಲ್ಲಿ 69. ತಾಯಿ ಕಾರ್ಡ್ ಹಿಡಿದು ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯರು, ನಡುರಾತ್ರಿ ಬರುವ 108 ಆಂಬುಲೆನ್ಸ್: ಹೊಸ್ತಿಲು ದಾಟಿದ ಆರೋಗ್ಯ ಸೇವೆ ಎಂದರೆ ಇದು. ಆದರೂ ಅದೇ 2018-20ರಲ್ಲಿ ಕೇರಳದ ಸಂಖ್ಯೆ 19 ಮಾತ್ರ ಇತ್ತು.

ಅಂದರೆ ಕೆಲಸ ಅರ್ಧಕ್ಕೇ ನಿಂತಿದೆ. ಬಿಹಾರದಲ್ಲಿ 2014-18ರಲ್ಲೂ ಗಂಡಿನ ಆಯುಷ್ಯವೇ ತುಸು ಮೇಲಿತ್ತು. ನಮ್ಮಲ್ಲಿ ಹೆಣ್ಣು ಹೆಚ್ಚು ವರ್ಷ ಬದುಕುತ್ತಾಳೆ ನಿಜ, ಎಂಥ ವರ್ಷಗಳನ್ನು? ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಇರುವವರು 2015-16ರಲ್ಲಿ ಶೇ 44.8 ಇದ್ದದ್ದು 2019-20ರ ಸಮೀಕ್ಷೆಯಲ್ಲಿ ಶೇ 47.8ಕ್ಕೆ ಏರಿದೆ. ಆಂಬುಲೆನ್ಸ್ ಬಾಗಿಲವರೆಗೆ ಬಂತು. ಎಲ್ಲರ ಊಟವಾದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಬಡಿಸಿಕೊಳ್ಳುವವಳ ತಟ್ಟೆಗೆ ಸೊಪ್ಪು, ಕಾಳು, ಮೊಟ್ಟೆ ಇನ್ನೂ ಬಂದಿಲ್ಲ.